ಬಿಲ್ಲು, ಸಾಲಪತ್ರದ ಇಂಗ್ಲಿಷ್ ಮಾತು: ಸಹಿ ಹಾಕೋ ಮುಂಚೆ ಅರ್ಥ ತಿಳ್ಕೊಳ್ಳಿ

ಅಂಗಡಿ ಬಿಲ್ಲು, ಬ್ಯಾಂಕ್ ಕಾಗದದಲ್ಲಿ ಬರುವ ಕೆಲವು ಇಂಗ್ಲಿಷ್ ಮಾತುಗಳನ್ನು ಪದ ಪದ ಬಿಡಿಸಿ ಓದಿದರೆ ಅರ್ಥ ಸಿಗಲ್ಲ. ಅಂಥ ನಾಲ್ಕು ಇಲ್ಲಿವೆ.

ಇ ಆಂಡ್ ಓ ಇ: ಹೋಲ್‌ಸೇಲ್ ಬಿಲ್ಲಿನ ಕೆಳಗಿರುತ್ತೆ. ಪೂರ್ತಿ ರೂಪ 'ಎರರ್ಸ್ ಆಂಡ್ ಒಮಿಷನ್ಸ್ ಎಕ್ಸೆಪ್ಟೆಡ್'. ಬಿಲ್ಲಿನಲ್ಲಿ ತಪ್ಪಿದ್ದರೆ, ಏನಾದರೂ ಬಿಟ್ಟುಹೋಗಿದ್ದರೆ ಆಮೇಲೆ ಸರಿ ಮಾಡ್ತೀವಿ ಎಂದರ್ಥ.

ಅಕೌಂಟ್ ಪೇಯಿ: ಚೆಕ್ ಮೇಲೆ ಗೆರೆ ಎಳೆದು ಹೀಗೆ ಬರೆದಿದ್ದರೆ ಕೌಂಟರಿನಲ್ಲಿ ನಗದು ಸಿಗಲ್ಲ. ಹೆಸರಿರುವವರ ಖಾತೆಗೇ ಜಮಾ.

ಆಸ್ ಈಸ್ ವೇರ್ ಈಸ್: ಬ್ಯಾಂಕ್ ಹರಾಜು ನೋಟಿಸಿನಲ್ಲಿ ನೋಡಿರ್ತೀರಿ. ಆಸ್ತಿ ಎಲ್ಲಿ, ಹೇಗಿದೆಯೋ ಹಾಗೇ ಮಾರಾಟ. ಬಿಡ್ ಹಾಕೋ ಮುಂಚೆ ಜಾಗ, ದಾಖಲೆ, ತೆರಿಗೆ ಬಾಕಿ ನೀವೇ ನೋಡಿಕೊಳ್ಳಬೇಕು.

ಜಾಯಿಂಟ್ಲಿ ಆಂಡ್ ಸೆವೆರಲಿ: ಇದಕ್ಕೇ ಜಾಸ್ತಿ ಹುಷಾರಾಗಿರಿ. ಸೆವೆರಲ್ ಅಂದ್ರೆ ಹಲವು ಅಂತ ಶಾಲೇಲಿ ಓದಿರ್ತೀವಿ. ಇಲ್ಲಿ 'ಒಟ್ಟಾಗಿಯೂ, ಒಬ್ಬೊಬ್ಬರಾಗಿಯೂ' ಎಂದರ್ಥ. ಮೂವರು ಸೇರಿ 3 ಲಕ್ಷ ಸಾಲಕ್ಕೆ ಸಹಿ ಹಾಕಿದರೆ ತಲಾ 1 ಲಕ್ಷ ಅಂತಲ್ಲ, ಪೂರ್ತಿ ಬಾಕಿಯನ್ನು ಒಬ್ಬರಿಂದಲೇ ವಸೂಲಿ ಮಾಡಬಹುದು. ಜಾಮೀನು ನಿಂತವರಿಗೂ, ಕರಾರಿನಲ್ಲಿ ಬೇರೆ ಷರತ್ತು ಇಲ್ಲದಿದ್ದರೆ, ಸಾಲಗಾರನಷ್ಟೇ ಹೊಣೆ ಅಂತ 1872ರ ಭಾರತೀಯ ಕರಾರು ಕಾಯ್ದೆಯ 128ನೇ ಕಲಂ ಹೇಳುತ್ತೆ.

ಗೊತ್ತಾಗದ ಸಾಲಿನ ಮೇಲೆ ಬೆರಳಿಟ್ಟು, 'ಇದನ್ನ ಕನ್ನಡದಲ್ಲಿ ಹೇಳಿ ಸರ್' ಅಂತ ಕೇಳಿ. ಸಹಿ ಆಮೇಲೆ.