ಠಾಣೆ ಸೀಮೆಯ ಕನ್ನಡ ಮನೆಗಳಲ್ಲಿ ಯಂತ್ರದ ಒಡೆತನ: ರೇಡಿಯೋ ಲೈಸೆನ್ಸಿನಿಂದ ಸೆಟ್‌ಟಾಪ್ ಬಾಕ್ಸಿನವರೆಗೆ

ಹಣ ತೆತ್ತು ಕೊಂಡು ತಂದ ವಸ್ತು ಕೊಂಡವನ ಸ್ವತ್ತೆಂಬುದು ಲೋಕರೂಢಿ. ಪಾತ್ರೆ, ಬಟ್ಟೆ, ಹೊಲಿಗೆಯಂತ್ರಗಳ ವಿಷಯದಲ್ಲಿ ಈ ರೂಢಿಯನ್ನು ಯಾರೂ ಪ್ರಶ್ನಿಸುವುದಿಲ್ಲ. ಆದರೆ ಆಕಾಶದಿಂದಲೋ ತಂತಿಯಿಂದಲೋ ಬರುವ ಧ್ವನಿ ಚಿತ್ರಗಳನ್ನು ಗ್ರಹಿಸುವ ಯಂತ್ರಗಳು ಮನೆಯೊಳಕ್ಕೆ ಬಂದಂದಿನಿಂದ ಒಡೆತನವೆಂಬ ಮಾತಿನ ಅರ್ಥವು ಎರಡಾಗಿ ಒಡೆದಿದೆ: ಯಂತ್ರವನ್ನು ಇಟ್ಟುಕೊಳ್ಳುವ ಹಕ್ಕು ಒಂದು, ಅದರಿಂದ ತನಗೆ ಬೇಕಾದುದನ್ನು ಪಡೆಯುವ ಅಧಿಕಾರ ಇನ್ನೊಂದು. ಠಾಣೆ, ಕಲ್ಯಾಣ, ಡೊಂಬಿವಲಿ, ನವಿ ಮುಂಬಯಿಗಳಲ್ಲಿ ನೆಲಸಿದ ಕನ್ನಡಿಗರ ಮಟ್ಟಿಗೆ ಇದು ಕೇವಲ ನ್ಯಾಯಶಾಸ್ತ್ರದ ಸೂಕ್ಷ್ಮವಲ್ಲ. ಬೀದಿಯಲ್ಲಿ ಮರಾಠಿ, ಲೋಕಲ್ ಗಾಡಿಯಲ್ಲಿ ಹಿಂದಿ, ಕಚೇರಿಯಲ್ಲಿ ಇಂಗ್ಲಿಷು ಕೇಳುವ ಈ ಊರುಗಳಲ್ಲಿ, ದಿನದ ದುಡಿಮೆ ಮುಗಿಸಿ ಬಂದ ಮೇಲೆ ಮನೆಯ ಗೋಡೆಗಳ ನಡುವೆ ಕನ್ನಡ ಕೇಳಿಸುವುದೋ ಇಲ್ಲವೋ ಎಂಬುದು ಬಹುಮಟ್ಟಿಗೆ ಈ ಯಂತ್ರಗಳ ಹತೋಟಿ ಯಾರ ಕೈಯಲ್ಲಿದೆ ಎಂಬುದನ್ನೇ ಅವಲಂಬಿಸಿದೆ.

ಇತಿಹಾಸವನ್ನು ರೇಡಿಯೋದಿಂದಲೇ ಆರಂಭಿಸಬೇಕು. ಮುಂಬಯಿಯಲ್ಲಿ ಇಂಡಿಯನ್ ಬ್ರಾಡ್‌ಕಾಸ್ಟಿಂಗ್ ಕಂಪನಿಯ ನಿಲಯ 1927ರ ಜುಲೈ 23ರಂದು ಪ್ರಾರಂಭವಾಯಿತು. ರೇಡಿಯೋ ಇಟ್ಟುಕೊಂಡವರು ವರ್ಷಕ್ಕೆ 10 ರೂಪಾಯಿ ಲೈಸೆನ್ಸ್ ಶುಲ್ಕ ತೆರಬೇಕಾಗಿತ್ತು. ಕಂಪನಿಯ ಜೀವನಾಧಾರವೂ ಅದೇ. ಶುಲ್ಕ ತೆರದೆ ಕೇಳುವವರು ಹಲವರಿದ್ದರು. ಕಂಪನಿ 1930ರಲ್ಲಿ ಮುಚ್ಚಿತು, ಪ್ರಸಾರ ಸರಕಾರದ ಕೈಗೆ ಬಂದಿತು. ಅನಂತರ ಬಂದ 1933ರ ಭಾರತೀಯ ನಿಸ್ತಂತು ತಂತಿ ಕಾಯಿದೆಯು ಲೈಸೆನ್ಸಿಲ್ಲದೆ ನಿಸ್ತಂತು ಯಂತ್ರವನ್ನು ಬಳಸುವುದನ್ನು ಮಾತ್ರವಲ್ಲ, ಸುಮ್ಮನೆ ಹೊಂದಿರುವುದನ್ನೂ ಅಪರಾಧವೆಂದು ಸಾರಿತು. ಮೊದಲ ತಪ್ಪಿಗೆ 100 ರೂಪಾಯಿಯವರೆಗೆ ದಂಡ. ಯಂತ್ರವನ್ನು ಜಪ್ತು ಮಾಡುವುದಕ್ಕೂ ಅವಕಾಶವಿತ್ತು. ಸ್ವಾತಂತ್ರ್ಯ ಬಂದ ಮೇಲೂ ಈ ವ್ಯವಸ್ಥೆ ಹಾಗೆಯೇ ಮುಂದುವರಿಯಿತು. ವರ್ಷಕ್ಕೊಮ್ಮೆ ಅಂಚೆಕಚೇರಿಯ ಕಿಂಡಿಯ ಮುಂದೆ ಲೈಸೆನ್ಸ್ ಪುಸ್ತಕ ಹಿಡಿದು ನಿಲ್ಲುವುದು, ತಪಾಸಣೆಯ ಅಧಿಕಾರಿ ಬಂದನೆಂದರೆ ಪೆಟ್ಟಿಗೆಯ ಮೇಲೆ ಹೊದಿಕೆ ಎಳೆಯುವುದು, ಇವೆಲ್ಲ ಹಳಬರಿಗೆ ನೆನಪಿರುವ ಸಂಗತಿಗಳೇ. 1980ರ ದಶಕದ ನಡುವಿನವರೆಗೂ ಈ ಲೈಸೆನ್ಸು ಉಳಿದಿತ್ತು.

ಮೇಲ್ನೋಟಕ್ಕೆ ಇದಕ್ಕಿಂತ ಕಠಿನವಾದ ನಿರ್ಬಂಧ ಬೇರೆ ಕಾಣದು. ಆದರೂ ಒಂದು ಸಂಗತಿಯನ್ನು ಗಮನಿಸಬೇಕು. ಕಾಯಿದೆಯು ಪೆಟ್ಟಿಗೆಯನ್ನು ಹಿಡಿಯಿತೇ ಹೊರತು ಅದರ ತಿರುಗುಗುಂಡಿಯನ್ನು ಹಿಡಿಯಲಿಲ್ಲ. ಲೈಸೆನ್ಸ್ ಪಡೆದವನು ಯಾವ ನಿಲಯವನ್ನು ಕೇಳಬೇಕೆಂಬುದನ್ನು ಗೊತ್ತುಪಡಿಸುವ ಉಪಾಯವು ಸರಕಾರದ ಬಳಿ ಇರಲಿಲ್ಲ. ಇದಕ್ಕೆ ಅತ್ಯಂತ ಪ್ರಸಿದ್ಧವಾದ ನಿದರ್ಶನ ಬಿ. ವಿ. ಕೇಸ್ಕರ್ ಅವರ ಕಾಲದ್ದು. 1952ರಲ್ಲಿ ಅವರು ವಾರ್ತಾ ಮತ್ತು ಪ್ರಸಾರ ಮಂತ್ರಿಗಳಾದ ಬಳಿಕ ಚಲನಚಿತ್ರಗೀತೆಗಳು ಸರಕಾರಿ ನಿಲಯಗಳಿಂದ ಬಹುತೇಕ ಮರೆಯಾದವು. ಶ್ರೋತೃಗಳು ಪ್ರತಿಭಟನೆಯ ಸಭೆ ಸೇರಿಸಲಿಲ್ಲ, ಅರ್ಜಿ ಬರೆಯಲಿಲ್ಲ; ಗುಂಡಿಯನ್ನು ತಿರುಗಿಸಿ ರೇಡಿಯೋ ಸಿಲೋನಿಗೆ ಹೋದರು. ಕೊನೆಗೆ 1957ರ ಅಕ್ಟೋಬರ್ 3ರಂದು ವಿವಿಧ ಭಾರತಿಯನ್ನು ಆರಂಭಿಸಿ ಸರಕಾರವೇ ಶ್ರೋತೃವಿನ ಹಿಂದೆ ಬರಬೇಕಾಯಿತು.

ಕನ್ನಡಿಗರಿಗೆ ಆ ಗುಂಡಿಯ ಪ್ರಯೋಜನ ಇನ್ನೂ ಹತ್ತಿರದ್ದು. ಮೈಸೂರಿನಲ್ಲಿ ಎಂ. ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆಯಲ್ಲೇ ಪ್ರಸಾರ ಆರಂಭಿಸಿದ್ದು ಸರ್ವವಿದಿತ; ಆ ನಿಲಯದ 'ಆಕಾಶವಾಣಿ' ಎಂಬ ಹೆಸರೇ ಮುಂದೆ ಇಡೀ ದೇಶದ ಪ್ರಸಾರಸಂಸ್ಥೆಗೆ ಸಂದಿತು. ಠಾಣೆ ಸೀಮೆಯವರಿಗೆ ಅದಕ್ಕಿಂತ ಮುಖ್ಯವಾದುದು 1950ರ ಜನವರಿ 8ರಂದು ಆರಂಭವಾದ ಧಾರವಾಡ ನಿಲಯ, ಅನಂತರ 1955ರ ನವೆಂಬರಿನಲ್ಲಿ ಬಂದ ಬೆಂಗಳೂರು ನಿಲಯ. ಮಧ್ಯಮ ತರಂಗಗಳು ಹಗಲಿನಲ್ಲಿ ನೆಲದ ಮೇಲಷ್ಟೆ ಹರಿದು ಬೇಗನೆ ಕ್ಷೀಣಿಸುತ್ತವೆ. ಹೊತ್ತು ಮುಳುಗಿದ ಮೇಲೆ ವಾಯುಮಂಡಲದ ಮೇಲಿನ ವಿದ್ಯುತ್ಕಣಗಳ ಪದರದಿಂದ ಪ್ರತಿಫಲಿಸಿ ನೂರಾರು ಮೈಲಿ ದಾಟುತ್ತವೆ. ಆದಕಾರಣ ಸಂಜೆಯ ವೇಳೆ ಕಲ್ಯಾಣದ ಚಾಳಿನಲ್ಲಿದ್ದವನು ಸೂಜಿಯನ್ನು ಕೂದಲೆಳೆಯಷ್ಟು ಸರಿಸುತ್ತ, ಮಳೆಗಾಲದ ಗರಗರ ಸದ್ದನ್ನು ಸಹಿಸಿಕೊಂಡು ಧಾರವಾಡವನ್ನು ಹಿಡಿಯಬಹುದಾಗಿತ್ತು. ಅದಕ್ಕೆ ಯಾರ ಅಪ್ಪಣೆಯೂ ಬೇಕಿರಲಿಲ್ಲ, ಹೆಚ್ಚಿನ ಹಣವೂ ಬೇಕಿರಲಿಲ್ಲ. ನೆರೆಹೊರೆಯಲ್ಲಿ ಎಷ್ಟು ಮಂದಿ ಕನ್ನಡಿಗರಿದ್ದಾರೆಂದು ಎಣಿಸಬೇಕಾದ ಪ್ರಮೇಯವಂತೂ ಇರಲೇ ಇಲ್ಲ.

ಯಂತ್ರದ ಒಳಗೂ ಆಗ ಗುಟ್ಟಿರಲಿಲ್ಲವೆಂಬುದು ಪ್ರಾಸಂಗಿಕವಾಗಿ ಹೇಳತಕ್ಕ ಮಾತು. ಠಾಣೆಯಲ್ಲಿಯೇ ಮರ್ಫಿ ರೇಡಿಯೋ ತಯಾರಿಸುವ ಕಾರ್ಖಾನೆಯಿತ್ತು. ಆ ಕಾಲದ ವಾಲ್ವ್ ರೇಡಿಯೋದ ಹಿಂಬದಿಯ ಹಲಗೆಯನ್ನು ತಿರುಪು ಬಿಚ್ಚಿ ತೆಗೆದರೆ ಒಳಗಿನ ಅಂಗಾಂಗಗಳೆಲ್ಲ ಕಣ್ಣಿಗೆ ಕಾಣುತ್ತಿದ್ದವು. ಬೀದಿಯ ಮೂಲೆಯ ದುರಸ್ತಿಯವನು ಬೆಸುಗೆಕಡ್ಡಿಯಿಂದ ಅದನ್ನು ಸರಿಪಡಿಸುತ್ತಿದ್ದನು. ಒಂದು ಕಂಪನಿಯ ವಾಲ್ವಿನ ಬದಲು ಅದೇ ಮಾದರಿಯ ಇನ್ನೊಂದು ಕಂಪನಿಯ ವಾಲ್ವನ್ನು ಕೂರಿಸಬಹುದಿತ್ತು.

ಟೆಲಿವಿಷನ್ನು ಬಂದಾಗ ಪರಿಸ್ಥಿತಿ ಬದಲಾಯಿತು. ಮುಂಬಯಿ ದೂರದರ್ಶನ 1972ರ ಅಕ್ಟೋಬರ್ 2ರಂದು ಆರಂಭವಾಯಿತು. ಬೆಂಗಳೂರು ಕೇಂದ್ರ 1981ರಲ್ಲಿ. ಟೆಲಿವಿಷನ್ನಿನ ಅಲೆಗಳು ಮಧ್ಯಮ ತರಂಗಗಳಂತೆ ಆಕಾಶದಿಂದ ಪ್ರತಿಫಲಿಸಿ ದೂರ ಬರುವುದಿಲ್ಲ. ಗೋಪುರ ಕಾಣುವಷ್ಟು ದೂರವೇ ಅವುಗಳ ಎಲ್ಲೆ. ಹೀಗಾಗಿ ಡೊಂಬಿವಲಿಯ ಮಾಳಿಗೆಯ ಮೇಲಿನ ಆಂಟೆನಾ ವರಳಿಯ ಗೋಪುರವನ್ನಲ್ಲದೆ ಬೆಂಗಳೂರನ್ನು ಎಂದೂ ಕಾಣಲಿಲ್ಲ. ಭಾನುವಾರ ಮಧ್ಯಾಹ್ನದ ಪ್ರಾದೇಶಿಕ ಚಿತ್ರದಲ್ಲಿ ಕನ್ನಡದ ಸರದಿ ಬರುವುದನ್ನು ಕಾಯುವುದಷ್ಟೆ ಉಳಿಯಿತು. ಇದು ನಿಸರ್ಗದ ನಿರ್ಬಂಧ, ಯಾರೂ ಹಾಕಿದ ಬೀಗವಲ್ಲ. ವೀಡಿಯೋ ಕ್ಯಾಸೆಟ್ಟು ಸ್ವಲ್ಪಕಾಲ ಅದನ್ನು ದಾಟಲು ನೆರವಾಯಿತು. ಮನೆಯಲ್ಲಿ ಅನಂತರ ನೋಡುವ ಸಲುವಾಗಿ ಕಾರ್ಯಕ್ರಮವನ್ನು ಧ್ವನಿಮುದ್ರಣದಂತೆಯೇ ಮುದ್ರಿಸಿಕೊಳ್ಳುವುದು ತಪ್ಪಲ್ಲವೆಂದು ಅಮೆರಿಕದ ಸರ್ವೋಚ್ಚ ನ್ಯಾಯಾಲಯ ಸೋನಿ ಕಂಪನಿಯ ಮೊಕದ್ದಮೆಯಲ್ಲಿ ತೀರ್ಪಿತ್ತದ್ದು 1984ರ ಜನವರಿಯಲ್ಲಿ.

ಕೇಬಲ್ ಯುಗವು ಉಪಗ್ರಹದ ಮೂಲಕ ಕನ್ನಡವನ್ನು ಈ ಸೀಮೆಗೆ ಮರಳಿ ತಂದಿತು. ಉದಯ ಟಿವಿ 1994ರಲ್ಲಿ ಆರಂಭವಾಯಿತು. ಈಟಿವಿ ಕನ್ನಡ 2000ದಲ್ಲಿ, ಝೀ ಕನ್ನಡ 2006ರಲ್ಲಿ ಬಂದವು. ಕೇಬಲ್‌ವಾಲಾ ಎಂಬ ಹೊಸ ವೃತ್ತಿಯವನು ಕಟ್ಟಡದ ಮೇಲೆ ಡಿಶ್ಶುಗಳನ್ನಿಟ್ಟು, ಗಚ್ಚಿಯಿಂದ ಗಚ್ಚಿಗೆ ತಂತಿ ಎಳೆದನು. ಆ ತಂತಿಯಲ್ಲಿ ಹಿಡಿಯುವ ವಾಹಿನಿಗಳ ಸಂಖ್ಯೆಗೆ ಮಿತಿಯಿತ್ತು. ಯಾವುದನ್ನು ಹಾಕಬೇಕೆಂಬ ಆಯ್ಕೆ ಅವನದೇ. ಇದನ್ನು ಗ್ರಾಹಕ ಸ್ವಾತಂತ್ರ್ಯದ ಸುವರ್ಣಯುಗವೆಂದು ಬಣ್ಣಿಸುವುದು ಸರಿಯಾಗದು. ಆದರೂ ಅವನು ಅದೇ ಮೊಹಲ್ಲದವನು; ತಿಂಗಳ ಹಣ ವಸೂಲಿಗೆ ಬಾಗಿಲಿಗೆ ಬರುತ್ತಿದ್ದವನು; ನಾಲ್ಕು ಮನೆಯವರು ಕೂಡಿ ಕೇಳಿದರೆ ಕಿವಿಗೊಡಬಹುದಾದವನು. ತಂತಿ ಮನೆಯೊಳಗೆ ಬಂದ ಮೇಲೆ ವಾಹಿನಿಯನ್ನು ಹಿಡಿಯುತ್ತಿದ್ದುದು ಮನೆಯವರ ಟೆಲಿವಿಷನ್ನಿನ ಸ್ವಂತ ಟ್ಯೂನರೇ. ಹಳೆಯ ರೇಡಿಯೋದ ಗುಂಡಿ ಇನ್ನೂ ಮನೆಯಲ್ಲೇ ಇತ್ತೆನ್ನಬಹುದು.

ಆ ಗುಂಡಿ ಮನೆಯಿಂದ ಹೊರಬಿದ್ದ ದಿನವನ್ನು ನಿಖರವಾಗಿ ಹೇಳಬಹುದು. ಕೇಬಲ್ ಕಾಯಿದೆಗೆ 2002ರಲ್ಲಿ ತಂದ ತಿದ್ದುಪಡಿಯಂತೆ ಪಾವತಿ ವಾಹಿನಿಗಳನ್ನು ಪೆಟ್ಟಿಗೆಯ ಮೂಲಕವೇ ನೋಡಬೇಕೆಂಬ ಪ್ರಯೋಗ ಚೆನ್ನೈಯಲ್ಲಿ 2003ರಲ್ಲಿಯೂ, ದಕ್ಷಿಣ ಮುಂಬಯಿಯ ಕೆಲಭಾಗದಲ್ಲಿ 2006ರ ಕೊನೆಯಲ್ಲಿಯೂ ನಡೆಯಿತು. ಠಾಣೆ ಸೀಮೆ ಅದರಿಂದ ಹೊರಗುಳಿದಿತ್ತು. 2011ರ ತಿದ್ದುಪಡಿಯು ದೇಶವನ್ನೆಲ್ಲ ನಾಲ್ಕು ಹಂತಗಳಲ್ಲಿ ಸಂಖ್ಯಾರೂಪದ ಪ್ರಸಾರಕ್ಕೆ ಒಳಪಡಿಸಿತು. ಮುಂಬಯಿಯ ಸರದಿ 2012ರ ಅಕ್ಟೋಬರ್ 31ಕ್ಕೆ ಬಂದಿತು. ಎರಡನೆಯ ಹಂತದ ಗಡುವು 2013ರ ಮಾರ್ಚ್ 31. ಆ ಹಂತದ 38 ನಗರಗಳಲ್ಲಿ ಠಾಣೆ, ಕಲ್ಯಾಣ-ಡೊಂಬಿವಲಿ, ನವಿ ಮುಂಬಯಿಗಳು ಸೇರಿದ್ದವು. ಅದೇ ಪಟ್ಟಿಯಲ್ಲಿ ಬೆಂಗಳೂರು, ಮೈಸೂರು, ಸೊಲ್ಲಾಪುರಗಳೂ ಇದ್ದುದರಿಂದ ತವರಿನ ಕನ್ನಡಿಗನೂ ವಲಸೆಯ ಕನ್ನಡಿಗನೂ ಒಂದೇ ಗಡುವಿಗೆ ಪೆಟ್ಟಿಗೆಯ ಅಧೀನರಾದರು. ಪಕ್ಕದ ಉಲ್ಹಾಸನಗರ, ಅಂಬರನಾಥಗಳು ಮೂರನೆಯ ಹಂತದವರೆಗೆ ಕಾದವು.

ಈ ಪೆಟ್ಟಿಗೆಯ ಕೆಲಸವೇನೆಂಬುದನ್ನು ತಿಳಿಯದೆ ಮುಂದಿನ ಮಾತು ಅರ್ಥವಾಗದು. ತಂತಿಯಲ್ಲಿ ಎಲ್ಲ ವಾಹಿನಿಗಳೂ ಬರುತ್ತವೆ, ಆದರೆ ಕದಡಿದ ರೂಪದಲ್ಲಿ. ಯಾವ ಪೆಟ್ಟಿಗೆಗೆ ಯಾವ ವಾಹಿನಿಯನ್ನು ತೆರೆಯಬೇಕೆಂಬ ಆಜ್ಞೆಯನ್ನು ಕಂಪನಿಯ ಕೇಂದ್ರದಿಂದ ಅದೇ ತಂತಿಯಲ್ಲಿ ಕಳುಹಿಸಲಾಗುತ್ತದೆ; ಪೆಟ್ಟಿಗೆಯೊಳಗಿನ ಗುಪ್ತಲಿಪಿಯ ಕೀಲಿ ಆ ಆಜ್ಞೆಯನ್ನು ಮಾತ್ರ ಪಾಲಿಸುತ್ತದೆ. ಮನೆಯವನ ಕೈಯಲ್ಲಿರುವ ರಿಮೋಟಿನ ಗುಂಡಿ ಒಂದು ವಿಜ್ಞಾಪನೆ. ತೆರೆಯುವ ಗುಂಡಿ ಕೇಂದ್ರದಲ್ಲಿದೆ. ಮನೆಯಲ್ಲಿ ಎರಡು ಟೆಲಿವಿಷನ್ನುಗಳಿದ್ದರೆ ಎರಡು ಪೆಟ್ಟಿಗೆ ಬೇಕು. ಪೂರ್ತಿ ಬೆಲೆ ಕೊಟ್ಟು ಕೊಂಡಿದ್ದರೂ ಒಂದು ಕಂಪನಿಯ ಪೆಟ್ಟಿಗೆ ಇನ್ನೊಂದರ ತಂತಿಗೆ ಹೊಂದುವುದಿಲ್ಲ. ಮುದ್ರಿಸಿಕೊಳ್ಳುವ ಸೌಕರ್ಯವುಳ್ಳ ಪೆಟ್ಟಿಗೆಯಲ್ಲಿ ಮುದ್ರಿಸಿದ ಕಾರ್ಯಕ್ರಮವನ್ನು ಆ ಪೆಟ್ಟಿಗೆಯಲ್ಲೇ ನೋಡಬೇಕು. ಕ್ಯಾಸೆಟ್ಟಿನಂತೆ ನೆಂಟರ ಮನೆಗೆ ಒಯ್ಯುವಂತಿಲ್ಲ.

ಇದು ಅನಿವಾರ್ಯವಾಗಿರಲಿಲ್ಲ ಎಂಬುದಕ್ಕೆ ಸರಕಾರದ ಕಾಗದಗಳೇ ಸಾಕ್ಷಿ. ಮನೆಯ ಮೇಲೆ ಡಿಶ್ ಇಟ್ಟು ನೇರವಾಗಿ ಪಡೆಯುವ ಡಿಟಿಎಚ್ ಸೇವೆಗೆ 2001ರಲ್ಲಿ ಹೊರಡಿಸಿದ ಮಾರ್ಗಸೂಚಿಯಲ್ಲಿಯೇ ಪೆಟ್ಟಿಗೆಯು ಮುಕ್ತವಿನ್ಯಾಸದ್ದಾಗಿದ್ದು, ಬೇರೆ ಬೇರೆ ಸೇವಾದಾರರ ನಡುವೆ ಬದಲಾಯಿಸಿ ಬಳಸುವಂತಿರಬೇಕೆಂದು ವಿಧಿಸಲಾಗಿತ್ತು. ಕಾಗದದ ಮೇಲೆ ಪಾಲನೆಯೂ ಆಯಿತು: ಕೀಲಿಯ ಬಿಲ್ಲೆಯನ್ನು ತೂರಿಸುವ ಕಿಂಡಿಯನ್ನು ಪೆಟ್ಟಿಗೆಗಳಲ್ಲಿ ಇಡಲಾಯಿತು. ಆದರೆ ಆ ಬಿಲ್ಲೆ ಸಾಮಾನ್ಯ ಗ್ರಾಹಕನಿಗೆ ಅಂಗಡಿಯಲ್ಲಿ ಸಿಕ್ಕುವ ವಸ್ತುವಾಗಲಿಲ್ಲ. ಪೆಟ್ಟಿಗೆಯನ್ನೇ ಹೊಸದಾಗಿ ಕೊಳ್ಳುವುದು ಸುಲಭವಾಯಿತು. ದೇಶದಾದ್ಯಂತ 2011ರ ಜನವರಿಯಿಂದ ಮೊಬೈಲ್ ಗ್ರಾಹಕನು ತನ್ನ ಸಂಖ್ಯೆಯನ್ನು ಉಳಿಸಿಕೊಂಡು ಕಂಪನಿಯನ್ನು ಬದಲಾಯಿಸಬಲ್ಲವನಾದನು. ಟೆಲಿವಿಷನ್ನಿನ ಗ್ರಾಹಕನಿಗೆ ಆ ಭಾಗ್ಯ ದೊರೆಯಲಿಲ್ಲ. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವು, ಎಂದರೆ 'ಟ್ರಾಯ್', 2020ರ ಏಪ್ರಿಲ್ 10ರಂದು ಎಲ್ಲ ಪೆಟ್ಟಿಗೆಗಳೂ ಪರಸ್ಪರ ಬಳಸುವಂತಿರಬೇಕೆಂದು ಮತ್ತೆ ಶಿಫಾರಸು ಮಾಡಿತು. ಹತ್ತೊಂಬತ್ತು ವರ್ಷಗಳ ಹಿಂದಿನ ವಿಧಿಯನ್ನು ಮತ್ತೆ ಹೇಳಬೇಕಾಗಿ ಬಂದುದೇ ಆ ವಿಧಿಯ ಗತಿಯನ್ನು ತಿಳಿಸುತ್ತದೆ.

ವಲಸೆಯ ಕನ್ನಡಿಗನಿಗೆ ಹೆಚ್ಚು ತಾಗುವ ಅಂಶ ಇನ್ನೊಂದಿದೆ. 2017ರಲ್ಲಿ ರಚಿತವಾಗಿ 2019ರ ಫೆಬ್ರವರಿಯಿಂದ ಪೂರ್ಣವಾಗಿ ಜಾರಿಗೆ ಬಂದ ಟ್ರಾಯ್ ವ್ಯವಸ್ಥೆಯು ಪ್ರತಿ ವಾಹಿನಿಗೂ ಬಿಡಿಬೆಲೆಯನ್ನು ಗೊತ್ತುಪಡಿಸಿತು. 2019ರಲ್ಲಿ ಮೊದಲ 100 ವಾಹಿನಿಗಳಿಗೆ ತಿಂಗಳಿಗೆ ಹೆಚ್ಚೆಂದರೆ 130 ರೂಪಾಯಿಯಿತ್ತು, ಅದರ ಮೇಲೆ ತೆರಿಗೆ. ಅನಂತರ ಬೇಕಾದ ಪಾವತಿ ವಾಹಿನಿಗೆ ಬೇರೆ ಹಣ. ಕನ್ನಡ ಮನೆಗೆ ಇದು ನಿಜವಾದ ಲಾಭವೇ. ಬೇಡದ ಕಟ್ಟುಗಳನ್ನು ಹೊರದೆ ಎರಡೋ ಮೂರೋ ಕನ್ನಡ ವಾಹಿನಿಗಳನ್ನು ಆರಿಸಿಕೊಳ್ಳುವ ಹಕ್ಕು ಅದರಿಂದ ಬಂದಿತು. ಆದರೆ ಅದೇ ವರ್ಷದ ಅಂತರ್‌ಸಂಪರ್ಕ ನಿಬಂಧನೆಗಳಲ್ಲಿ ಒಂದು ಉಪವಾಕ್ಯವಿದೆ: ಯಾವುದಾದರೂ ವಾಹಿನಿಯ ಚಂದಾದಾರರು ಸತತ ಆರು ತಿಂಗಳು, ಒಂದೊಂದು ತಿಂಗಳಲ್ಲಿಯೂ, ಆ ಮಾರುಕಟ್ಟೆಯ ಒಟ್ಟು ಗ್ರಾಹಕರಲ್ಲಿ ಶೇಕಡಾ 5ಕ್ಕಿಂತ ಕಡಿಮೆಯಾದರೆ ವಿತರಕನು ಅದನ್ನು ನಿಲ್ಲಿಸಬಹುದು. ಧಾರವಾಡದಲ್ಲಿ ಕನ್ನಡ ವಾಹಿನಿಗೆ ಈ ವಾಕ್ಯದಿಂದ ಭಯವಿಲ್ಲ. ಠಾಣೆ ಸೀಮೆಯಂಥ ಮರಾಠಿ ಬಹುಸಂಖ್ಯಾತ ಮಾರುಕಟ್ಟೆಯಲ್ಲಿ ಅದು ಕನ್ನಡ, ತಮಿಳು, ಬಂಗಾಳಿಗಳೆಲ್ಲಕ್ಕೂ ಅನ್ವಯವಾಗತಕ್ಕದ್ದು. ಆರಿಸಿಕೊಳ್ಳುವ ಹಕ್ಕು ವ್ಯಕ್ತಿಯದು, ಆರಿಸಬೇಕಾದ ವಸ್ತು ಉಳಿಯುವುದು ಜನಗಣನೆಯ ಮೇಲೆ. ಚಾಳಿನಲ್ಲಿ ಕುಳಿತು ಧಾರವಾಡವನ್ನು ಹಿಡಿಯುತ್ತಿದ್ದವನಿಗೆ ಇಲ್ಲದಿದ್ದ ಲೆಕ್ಕ ಇದು.

ಇಡೀ ದೇಶಕ್ಕೆ ಒಂದೇ ಉಪಗ್ರಹದಿಂದ ಪ್ರಸಾರ ಮಾಡುವ ಡಿಟಿಎಚ್ ಸೇವೆಗಳಲ್ಲಿ ತವರಿನ ಗ್ರಾಹಕರೂ ಎಣಿಕೆಗೆ ಸೇರುವುದರಿಂದ ಈ ತೊಡಕು ಕಡಿಮೆ. ಈ ಊರುಗಳ ಕನ್ನಡ ಮನೆಗಳ ಕಿಟಕಿಯ ಸರಳುಗಳಿಗೆ ಕಟ್ಟಿದ ಡಿಶ್ಶುಗಳಿಗೆ ಇದೂ ಒಂದು ಕಾರಣವೆನ್ನಬಹುದು. ಕೇಬಲ್‌ನಿಂದ ಡಿಟಿಎಚ್‌ಗೆ, ಒಂದು ಕಂಪನಿಯಿಂದ ಇನ್ನೊಂದಕ್ಕೆ, ಡೊಂಬಿವಲಿಯ ಬಾಡಿಗೆ ಮನೆಯಿಂದ ಖಾರಘರದ ಸ್ವಂತ ಮನೆಗೆ ಹೋದಾಗಲೆಲ್ಲ ಹಳೆಯ ಪೆಟ್ಟಿಗೆಯೊಂದು ಕಪಾಟಿನ ಮೇಲೆ ಉಳಿಯುತ್ತದೆ. ಮಾರಲು ಬಾರದು, ಬೇರೆಡೆ ಬಳಸಲು ಬಾರದು. ಬೆಲೆ ಕೊಟ್ಟದ್ದೆಂಬ ಕಾರಣಕ್ಕೆ ಎಸೆಯಲೂ ಮನಸ್ಸು ಬಾರದು.

ಪೆಟ್ಟಿಗೆಯಿಲ್ಲದ ದಾರಿಯೊಂದು ಇತ್ತೀಚೆಗೆ ತೆರೆದಿದೆ. ದೂರದರ್ಶನವು 2004ರ ಡಿಸೆಂಬರಿನಲ್ಲಿ ಆರಂಭಿಸಿದ, ಈಗ ಡಿಡಿ ಫ್ರೀ ಡಿಶ್ ಎನಿಸಿಕೊಳ್ಳುವ ಸೇವೆಗೆ ತಿಂಗಳ ಶುಲ್ಕವಿಲ್ಲ. ಅದರಲ್ಲಿ ಡಿಡಿ ಚಂದನ ಬರುತ್ತದೆ. ಟೆಲಿವಿಷನ್ನಿನ ಒಳಗೇ ಉಪಗ್ರಹದ ಟ್ಯೂನರನ್ನು ಇಡುವುದಕ್ಕೆ ಭಾರತೀಯ ಮಾನಕ ಸಂಸ್ಥೆಯು ಐಎಸ್ 18112 ಎಂಬ ಮಾನಕವನ್ನು 2022ರಲ್ಲಿ ಪ್ರಕಟಿಸಿತು. ಅಂಥ ಟೆಲಿವಿಷನ್ನಿಗೆ ಡಿಶ್ಶಿನ ತಂತಿಯನ್ನು ನೇರವಾಗಿ ಸೇರಿಸಿದರೆ ಡಿಡಿ ಚಂದನವನ್ನು ಮನೆಯ ಯಂತ್ರದ ಗುಂಡಿಯಿಂದಲೇ ಹಿಡಿಯಬಹುದು. ಪಾವತಿಯ ಕನ್ನಡ ವಾಹಿನಿಗಳಿಗೆ ಮಾತ್ರ ಇಂದಿಗೂ ಪೆಟ್ಟಿಗೆ ಬೇಕು.