ಎದೆಯಲ್ಲಿ ಗಂಟು: ನೋವಿಲ್ಲ ಅಂತ ಸುಮ್ನಿರಬೇಡಿ

ಹಾವೇರಿ: ಸ್ತನ ಕ್ಯಾನ್ಸರ್ ಗಂಟು ಶುರುವಿನಲ್ಲಿ ಸಾಮಾನ್ಯವಾಗಿ ನೋಯುವುದಿಲ್ಲ. ಬ್ಯಾಡಗಿಯಲ್ಲಿ ಮೆಣಸಿನಕಾಯಿ ತೊಟ್ಟು ಬಿಡಿಸುವವರಿರಲಿ, ರಾಣೇಬೆನ್ನೂರಿನಲ್ಲಿ ಹೊಲದ ಕೆಲಸದವರಿರಲಿ, ಒಂದಿನದ ಕೂಲಿ ಹೋಗುತ್ತೆ ಅಂತ ಮುಂದೂಡಿದರೆ ರೋಗ ಬೆಳೆಯುತ್ತದೆ.

ಗಮನಿಸಬೇಕಾದ್ದು: ಸ್ತನ ಅಥವಾ ಕಂಕುಳಲ್ಲಿ ಗಂಟು, ಮೊಲೆತೊಟ್ಟು ಹೊಸದಾಗಿ ಒಳಸರಿಯುವುದು, ರಕ್ತ ಒಸರುವುದು, ಚರ್ಮದಲ್ಲಿ ಕುಳಿ.

ತಪಾಸಣೆ: 30 ದಾಟಿದ ಮಹಿಳೆಯರಿಗೆ ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ 5 ವರ್ಷಕ್ಕೊಮ್ಮೆ ಉಚಿತ. ತರಬೇತಿ ಪಡೆದ ಸಿಬ್ಬಂದಿ ಕೈಯಿಂದಲೇ ಪರೀಕ್ಷಿಸುತ್ತಾರೆ. ಊರಿನ ಆಶಾ ಕಾರ್ಯಕರ್ತೆಯನ್ನು ಕೇಳಿ. ಲಕ್ಷಣ ಕಂಡರೆ ಮಾತ್ರ ವಯಸ್ಸು, ವರ್ಷ ಲೆಕ್ಕ ಹಾಕದೆ ಕೂಡಲೇ ಹೋಗಿ.

ಮುಂದೇನು: ಅನುಮಾನ ಬಂದರೆ ದೊಡ್ಡಾಸ್ಪತ್ರೆಗೆ ಕಳಿಸುತ್ತಾರೆ. ಹುಬ್ಬಳ್ಳಿಯ ನವನಗರದಲ್ಲಿ ಕ್ಯಾನ್ಸರ್ ಆಸ್ಪತ್ರೆ ಇದೆ. ಬಿಪಿಎಲ್ ಕುಟುಂಬಕ್ಕೆ ಆಯುಷ್ಮಾನ್ ಯೋಜನೆಯಲ್ಲಿ ವರ್ಷಕ್ಕೆ 5 ಲಕ್ಷ ರೂ.ವರೆಗೆ ನೆರವಿದೆ. ಗಂಟೆಲ್ಲಾ ಕ್ಯಾನ್ಸರ್ ಅಲ್ಲ. ಅದನ್ನ ಹೇಳಬೇಕಾದವರು ಡಾಕ್ಟರು.