ನಸುಕಿಗೆ ನಿಲುಕಿದ ಕ್ಯಾಮೆರಾ

ಇಟಗಿಯ ಮಹಾದೇವ ದೇವಾಲಯ ಪೂರ್ವಕ್ಕೆ ಮುಖ ಮಾಡಿ ನಿಂತಿದೆ. ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ದಂಡನಾಯಕ ಮಹಾದೇವ 1112ರಲ್ಲಿ ಕಟ್ಟಿಸಿದ ಈ ಗುಡಿಯನ್ನು ಅಲ್ಲಿನ ಶಾಸನ ‘ದೇವಾಲಯ ಚಕ್ರವರ್ತಿ’ ಎಂದು ಕರೆದಿದೆ. ಬಹುಕಾಲ ಯಲಬುರ್ಗಾ ತಾಲ್ಲೂಕಿನಲ್ಲಿದ್ದ ಊರು ಈಗ ಕುಕನೂರು ತಾಲ್ಲೂಕಿಗೆ ಸೇರಿದೆ. ಇಲ್ಲಿಗೆ ಬಿಸಿಲೇರಿದ ಮೇಲೆ ಬಂದು ಫೋಟೊ ತೆಗೆದುಕೊಂಡು ಹೋಗುವವರೇ ಹೆಚ್ಚು. ಆ ಹೊತ್ತಿಗೆ ಅಂಗಳ ಬೆಳ್ಳಗೆ ಉರಿಯುತ್ತಿರುತ್ತದೆ, ತೆರೆದ ಮಂಟಪದ ಒಳಗು ಕಪ್ಪಾಗಿ ಮುಳುಗಿರುತ್ತದೆ. ಕಂಬಗಳ ನುಣುಪು ಕಾಣಬೇಕಾದರೆ ಹೊತ್ತು ಮೂಡುವ ಮುಂಚೆಯೇ ಅಲ್ಲಿರಬೇಕು. ಆದರೆ ಆ ಮಂದ ಬೆಳಕಿಗೆ ಕ್ಯಾಮೆರಾ ಒಗ್ಗಲು ಮುಕ್ಕಾಲು ಶತಮಾನವೇ ಹಿಡಿಯಿತು.

ಈ ಸೀಮೆಯ ಛಾಯಾಗ್ರಹಣದ ಇತಿಹಾಸ ಸುಡುಬಿಸಿಲಿನಿಂದಲೇ ಆರಂಭವಾಗುತ್ತದೆ. ಮದ್ರಾಸ್ ಸೇನೆಯ ಅಧಿಕಾರಿ ಅಲೆಕ್ಸಾಂಡರ್ ಗ್ರೀನ್‌ಲಾ 1856ರಲ್ಲಿ ಹಂಪಿಯ ಅವಶೇಷಗಳನ್ನು ಮೇಣ ಹಚ್ಚಿದ ಕಾಗದದ ನೆಗೆಟಿವ್‌ಗಳಲ್ಲಿ ಸೆರೆಹಿಡಿದ. ಆ ಕಾಗದಕ್ಕೆ ಬೆಳಕು ಹತ್ತುವುದು ಬಹಳ ನಿಧಾನ. ನಡುಹಗಲಿನಲ್ಲೂ ನಿಮಿಷಗಟ್ಟಲೆ ಕಾಯಬೇಕಿತ್ತು. ಅವನ ಚಿತ್ರಗಳಲ್ಲಿ ಕಲ್ಲು ಅಚ್ಚುಕಟ್ಟಾಗಿದೆ, ಓಡಾಡುವ ಜನರಿಲ್ಲ, ನಸುಕಂತೂ ಇಲ್ಲವೇ ಇಲ್ಲ. ಗಾಜಿನ ತಟ್ಟೆಗಳ ಕಾಲದಲ್ಲೂ ಸ್ಥಿತಿ ಹೆಚ್ಚು ಬದಲಾಗಲಿಲ್ಲ. ಹೆನ್ರಿ ಕಸೆನ್ಸ್ 1926ರಲ್ಲಿ ಕನ್ನಡ ಜಿಲ್ಲೆಗಳ ಚಾಲುಕ್ಯ ವಾಸ್ತುಶಿಲ್ಪದ ಬಗ್ಗೆ ದೊಡ್ಡ ಗ್ರಂಥ ತಂದು ಇಟಗಿಯನ್ನೂ ಅದರಲ್ಲಿ ವಿವರಿಸಿದ. ಅವನಿಗೆ ಬೇಕಾಗಿದ್ದುದು ದಾಖಲೆ, ಅದಕ್ಕೆ ಹಗಲಿನ ಬೆಳಕು ಸಾಕಾಗಿತ್ತು.

ಆ ಗ್ರಂಥ ಬರುವ ಹಿಂದಿನ ವರ್ಷವೇ ಜರ್ಮನಿಯಲ್ಲಿ ಆಸ್ಕರ್ ಬಾರ್ನಾಕ್ ರೂಪಿಸಿದ ಲೈಕಾ ಮಾರುಕಟ್ಟೆಗೆ ಬಂದಿತ್ತು. ಸಿನಿಮಾ ರೀಲನ್ನೇ ಬಳಸುವ, ಅಂಗೈ ತುಂಬುವಷ್ಟೇ ಗಾತ್ರದ ಕ್ಯಾಮೆರಾ. 1924ರ ಎರ್ಮನಾಕ್ಸ್ ಕ್ಯಾಮೆರಾಗೆ ಎಫ್ 2ರಷ್ಟು ಅಗಲಕ್ಕೆ ತೆರೆಯುವ ಲೆನ್ಸ್ ಇದ್ದು, ಅದನ್ನು ಹಿಡಿದು ಛಾಯಾಗ್ರಾಹಕ ಎರಿಖ್ ಸಾಲೊಮನ್ ಸಭಾಭವನಗಳ ಒಳಗೆ ಫ್ಲ್ಯಾಶ್ ಇಲ್ಲದೆ ಚಿತ್ರ ತೆಗೆದದ್ದೇನೋ ನಿಜ. ಆದರೆ ಅದಕ್ಕೆ ಒಂದೊಂದೇ ಗಾಜಿನ ತಟ್ಟೆ ತುಂಬಬೇಕಿತ್ತು. ನಿಜವಾದ ತಿರುವು ಬಂದದ್ದು 1932ರಲ್ಲಿ. ಲೆನ್ಸಿಗೇ ಜೋಡಿಸಿದ ರೇಂಜ್‌ಫೈಂಡರ್ (ದೂರಮಾಪಕ) ಇದ್ದ ಲೈಕಾ 2 ಮತ್ತು ಕಾಂಟ್ಯಾಕ್ಸ್ ಕ್ಯಾಮೆರಾಗಳೆರಡೂ ಅದೇ ವರ್ಷ ಹೊರಬಂದವು. ಲುಡ್ವಿಗ್ ಬರ್ಟೆಲೆ ಕಾಂಟ್ಯಾಕ್ಸ್‌ಗಾಗಿ ಎಫ್ 1.5ರ ಸೊನ್ನಾರ್ ಲೆನ್ಸ್ ರೂಪಿಸಿದ.

ಮಂದ ಬೆಳಕಿನ ಛಾಯಾಗ್ರಹಣದ ಕಥೆಯನ್ನು ಸಾಮಾನ್ಯವಾಗಿ ಲೆನ್ಸಿನ ಅಗಲ ಮತ್ತು ಫಿಲಂನ ವೇಗದ ಕಥೆಯಾಗಿ ಹೇಳುತ್ತಾರೆ. ನನಗೆ ಅದು ಅರ್ಧ ಸತ್ಯ ಅನಿಸುತ್ತದೆ. ಐವತ್ತು ಮಿಲಿಮೀಟರ್ ಲೆನ್ಸನ್ನು ಎಫ್ 1.5ಕ್ಕೆ ತೆರೆದು ಎರಡು ಮೀಟರ್ ದೂರದ ಕಂಬಕ್ಕೆ ಫೋಕಸ್ ಮಾಡಿದರೆ, ಸ್ಪಷ್ಟವಾಗಿ ಬರುವ ಆಳ ಒಂದು ಗೇಣೂ ಇಲ್ಲ. ಆ ಗೇಣಿನೊಳಗೆ ಕತ್ತಲಲ್ಲಿ ಗುರಿ ಇಡುವುದು ಹೇಗೆ ಎಂಬುದೇ ಪ್ರಶ್ನೆ. ರೇಂಜ್‌ಫೈಂಡರ್ ಕೊಟ್ಟ ಉತ್ತರ ಸರಳ. ಕ್ಯಾಮೆರಾದ ಮೈಮೇಲೆ ಅಂತರವಿಟ್ಟು ಕೂರಿಸಿದ ಎರಡು ಕಿಂಡಿಗಳು ಒಂದೇ ದೃಶ್ಯದ ಎರಡು ಬಿಂಬ ತರುತ್ತವೆ. ಲೆನ್ಸಿನ ಉಂಗುರ ತಿರುಗಿಸಿದಂತೆ ಒಂದು ಬಿಂಬ ಸರಿಯುತ್ತದೆ. ಎರಡೂ ಕೂಡಿದಲ್ಲಿ ಫೋಕಸ್. ಲೆನ್ಸಿನ ಮೂಲಕ ನೋಡುವ ಗೊಡವೆಯೇ ಇಲ್ಲದ್ದರಿಂದ ಅಪರ್ಚರ್ ಎಷ್ಟು ಕಿರಿದಾದರೂ ಕಿಂಡಿ ಮಬ್ಬಾಗದು. ಇಟಗಿಯ ಮಂಟಪದಲ್ಲಿ ನಸುಕಿನ ಆಕಾಶಕ್ಕೆ ಎದುರಾಗಿ ಕಾಣುವ ಕಂಬದ ನೆಟ್ಟನೆಯ ಅಂಚು ಈ ಕೆಲಸಕ್ಕೆ ಹೇಳಿ ಮಾಡಿಸಿದಂತಿದೆ. ಶಿಲ್ಪದ ಸೂಕ್ಷ್ಮ ಕಣ್ಣಿಗೆ ಇನ್ನೂ ಹತ್ತದಿರುವಾಗಲೇ ಆ ಎರಡು ಗೆರೆಗಳು ಒಂದಾಗಿಬಿಡುತ್ತವೆ.

ಇನ್ನೊಂದು ಲಾಭ, ಲೆನ್ಸಿನ ಮೂಲಕವೇ ನೋಡುವ ಎಸ್‌ಎಲ್‌ಆರ್ ಕ್ಯಾಮೆರಾಗಳಲ್ಲಿರುವಂತೆ ಒಳಗೆ ಕನ್ನಡಿ ಇಲ್ಲ. ಕನ್ನಡಿ ಮೇಲೇಳುವ ಏಟಿನ ನಡುಕ ಇಲ್ಲದ್ದರಿಂದ, ಉಸಿರು ಬಿಗಿಹಿಡಿದು ಕಂಬಕ್ಕೆ ಒರಗಿ ನಿಂತರೆ ಸೆಕೆಂಡಿನ ಹದಿನೈದನೇ ಒಂದು, ಕೆಲವೊಮ್ಮೆ ಎಂಟನೇ ಒಂದು ಭಾಗದವರೆಗೂ ಕೈಯಲ್ಲೇ ತೆಗೆಯಬಹುದು.

ಇದರ ಫಲ ಭಾರತದಲ್ಲಿ ಎದ್ದು ಕಂಡದ್ದು 1948ರಲ್ಲಿ. ಗಾಂಧೀಜಿ ಹತ್ಯೆಯಾದ ಜನವರಿ 30ರ ಸಂಜೆ ಬಿರ್ಲಾ ಭವನದ ಗೇಟಿನ ಬಳಿ ನೆಹರೂ ಜನರಿಗೆ ಸುದ್ದಿ ತಿಳಿಸುತ್ತಿದ್ದುದನ್ನು ಛಾಯಾಗ್ರಾಹಕ ಆನ್ರಿ ಕಾರ್ಟಿಯೆ-ಬ್ರೆಸಾನ್ ಲೈಕಾದಲ್ಲಿ ಹಿಡಿದ. ಚಿತ್ರ ಮಸುಕು ಮಸುಕಾಗಿದೆ, ಆ ಮಸುಕಿನಲ್ಲೇ ಆ ಸಂಜೆಯ ಕಂಗಾಲು ಇದೆ. ಅದೇ ವರ್ಷ ಶ್ರೀನಗರದ ಹರಿ ಪರ್ಬತದಲ್ಲಿ, ಹಿಮಾಲಯದ ಹಿಂದಿನಿಂದ ಮೂಡುವ ಸೂರ್ಯನತ್ತ ಮುಖ ಮಾಡಿ ಪ್ರಾರ್ಥಿಸುವ ಹೆಂಗಸರ ಚಿತ್ರವನ್ನೂ ಆತ ತೆಗೆದ. ಅದರಲ್ಲಿ ಸೂರ್ಯ ಕಾಣುವುದಿಲ್ಲ. ಸೂರ್ಯೋದಯದ ಇಷ್ಟು ಒಳ್ಳೆಯ ಚಿತ್ರವನ್ನು ನಾನು ಬೇರೆಲ್ಲೂ ಕಂಡಿಲ್ಲ.

1954ರಲ್ಲಿ ಲೈಕಾ ಎಂ3 ಬಂತು, ಕೊಡಾಕ್‌ನ ಟ್ರೈ-ಎಕ್ಸ್ ಫಿಲಂ 35 ಮಿಲಿಮೀಟರ್ ರೀಲಿನಲ್ಲಿ ಸಿಗತೊಡಗಿತು. ಆಮೇಲೆ ಲೆನ್ಸುಗಳ ಪೈಪೋಟಿ: 1961ರಲ್ಲಿ ಕ್ಯಾನನ್‌ನ ಎಫ್ 0.95, 1966ರಲ್ಲಿ ಲೈಕಾದ ಎಫ್ 1.2 ನಾಕ್ಟಿಲಕ್ಸ್. ನಮ್ಮವರಿಗೆ ಇವೆಲ್ಲ ಗಗನಕುಸುಮ. ಕೈಗೆ ಎಟುಕುತ್ತಿದ್ದುದು ಸೋವಿಯತ್ ದೇಶದ ಜೋರ್ಕಿ, ಫೆಡ್ ಕ್ಯಾಮೆರಾಗಳು, ಸೊನ್ನಾರ್ ಮಾದರಿಯ ಜುಪಿಟರ್-8 ಲೆನ್ಸು. 1966ರ ಯಾಶಿಕಾ ಎಲೆಕ್ಟ್ರೋ 35 ಈ ಸಾಲಿನಲ್ಲಿ ನನಗೆ ಬಹಳ ಪ್ರಿಯವಾದದ್ದು. ಎಫ್ 1.7 ಲೆನ್ಸು, ಕತ್ತಲಿದ್ದರೆ 30 ಸೆಕೆಂಡುಗಳವರೆಗೂ ಶಟರನ್ನು ತಾನೇ ತೆರೆದಿಡುವ ವಿದ್ಯುತ್ ವ್ಯವಸ್ಥೆ, ಕೈಯಲ್ಲಿ ಹಿಡಿದರೆ ಅಲುಗೀತು ಎಂದು ಎಚ್ಚರಿಸುವ ಹಳದಿ ದೀಪ. ಮನೆಯ ಬಲ್ಬಿನ ಬೆಳಕಿಗೆ 400 ವೇಗದ ಫಿಲಂನಲ್ಲಿ ಎಫ್ 2, ಮೂವತ್ತನೇ ಒಂದು ಸೆಕೆಂಡು ಬೇಕು ಎನ್ನುವ ಲೆಕ್ಕ ಗೊತ್ತಿಲ್ಲದವರ ಕೈಯಲ್ಲೂ ಅದು ಕೆಲಸ ಮಾಡುತ್ತಿತ್ತು.

ಅದೇ ಕಾಲದಲ್ಲಿ ಮೈಸೂರಿನ ಸಿನಿಮಾ ಛಾಯಾಗ್ರಾಹಕ ವಿ.ಕೆ. ಮೂರ್ತಿ ‘ಕಾಗಜ್ ಕೆ ಫೂಲ್’ (1959) ಚಿತ್ರಕ್ಕಾಗಿ ಕನ್ನಡಿಗಳಿಂದ ಸೂರ್ಯನ ಬೆಳಕನ್ನು ಸ್ಟುಡಿಯೊ ಒಳಕ್ಕೆ ತಿರುಗಿಸಿ ಬೆಳಕಿನ ಕಂಬವನ್ನೇ ನಿಲ್ಲಿಸಿದರು. ಅದು ಬೆಳಕನ್ನು ಕರೆತರುವ ದಾರಿ, ರೇಂಜ್‌ಫೈಂಡರ್‌ನದು ಇದ್ದ ಬೆಳಕಲ್ಲೇ ಬಾಳುವ ದಾರಿ. ಹಂಪಿಯಲ್ಲಿ ಮೊದಲಿನ ದಾರಿ ಹಿಡಿದವರು ಆಸ್ಟ್ರೇಲಿಯಾದ ಜಾನ್ ಗಾಲಿಂಗ್ಸ್. 1983ರಲ್ಲಿ ಗ್ರೀನ್‌ಲಾ ನಿಂತ ಜಾಗಗಳಲ್ಲೇ ನಿಂತು ಮರುಚಿತ್ರಣ ಮಾಡಿದ ಅವರು, ಮಬ್ಬುಗತ್ತಲಲ್ಲಿ ದೀರ್ಘ ಎಕ್ಸ್‌ಪೋಷರ್ ಕೊಟ್ಟು ಕಲ್ಲಿನ ಮೇಲೆ ಫ್ಲ್ಯಾಶ್ ಹಾಯಿಸಿ ತೆಗೆದ ಚಿತ್ರಗಳು ಅದ್ಭುತ. ಆದರೆ ಆ ಬೆಳಕು ಆ ಗುಡಿಗಳದಲ್ಲ ಎಂಬ ಅಳುಕು ನನಗಿದೆ.

1959ರ ನಿಕಾನ್ ಎಫ್ ನಂತರ ಎಸ್‌ಎಲ್‌ಆರ್ ಕ್ಯಾಮೆರಾಗಳು ರೇಂಜ್‌ಫೈಂಡರನ್ನು ಬದಿಗೆ ಸರಿಸಿದವು. ಟಿ.ಎನ್.ಎ. ಪೆರುಮಾಳ್, ಇ. ಹನುಮಂತರಾವ್ ಅವರಂಥವರಿಂದ ಕರ್ನಾಟಕದಲ್ಲಿ ಹೆಸರು ಮಾಡಿದ ವನ್ಯಜೀವಿ ಛಾಯಾಗ್ರಹಣಕ್ಕೆ ಉದ್ದ ಲೆನ್ಸ್ ಬೇಕು, ರೇಂಜ್‌ಫೈಂಡರ್ 135 ಮಿಲಿಮೀಟರ್ ದಾಟಿದರೆ ಸೋಲುತ್ತದೆ. ಸೂರ್ಯನ ವಿಷಯದಲ್ಲೂ ಅಷ್ಟೆ. ಐವತ್ತರ ಲೆನ್ಸಿನಲ್ಲಿ ಫಿಲಂ ಮೇಲೆ ಬೀಳುವ ಸೂರ್ಯಬಿಂಬ ಅರ್ಧ ಮಿಲಿಮೀಟರ್‌ಗಿಂತ ಚಿಕ್ಕದು, ಒಂದು ರಾಗಿ ಕಾಳಿನಷ್ಟೂ ಇಲ್ಲ. ಮೇಲಾಗಿ ಅಪಾಯವೂ ಇದೆ. ತಡೆಯಲು ಕನ್ನಡಿ ಇಲ್ಲದ್ದರಿಂದ ಲೆನ್ಸು ಬಿಸಿಲನ್ನು ನೇರವಾಗಿ ಶಟರಿನ ಬಟ್ಟೆಯ ಮೇಲೆ ಕೂಡಿಸುತ್ತದೆ. ಅಪರ್ಚರ್ ತೆರೆದಿಟ್ಟು ಕ್ಯಾಮೆರಾವನ್ನು ಸೂರ್ಯನತ್ತ ಬಿಟ್ಟರೆ ಸೂಜಿಮೊನೆಯಷ್ಟು ತೂತು ಸುಟ್ಟುಹೋಗಿ, ಮುಂದಿನ ಎಲ್ಲ ಚಿತ್ರಗಳಲ್ಲೂ ಒಂದೇ ಜಾಗದಲ್ಲಿ ಬಿಳಿ ಚುಕ್ಕೆ. ಕ್ಯಾನನ್ ತನ್ನ ಕ್ಯಾಮೆರಾಗಳಿಗೆ ಉಕ್ಕಿನ ತಗಡಿನ ಶಟರ್ ಹಾಕಿದ್ದು ಸುಮ್ಮನೆ ಅಲ್ಲ. ಬಟ್ಟೆ ಶಟರಿನವರು ಹೊತ್ತು ಮೂಡಿದೊಡನೆ ಮುಚ್ಚಳ ಹಾಕಬೇಕು, ಇಲ್ಲವೇ ಸೂರ್ಯನಿಗೆ ಬೆನ್ನು ತಿರುಗಿಸಬೇಕು.

ಬೆನ್ನು ತಿರುಗಿಸುವುದೇ ಸರಿ ಎಂಬುದು ನನ್ನ ಪಕ್ಷ. ಯಲಬುರ್ಗಾ ಸೀಮೆಯ ಬಟಾಬಯಲಿನಲ್ಲಿ ನೇಸರ ನೇರಕ್ಕೇ ಮೇಲೇರುತ್ತಾನೆ. ಯುರೋಪಿನ ಕೈಪಿಡಿಗಳು ಹೇಳುವ ನಿಡಿದಾದ ಮುಂಬೆಳಗು ನಮಗಿಲ್ಲ. ಓದಲು ಸಾಕಾಗುವ ಬೆಳಕು ಹರಿದು ಸೂರ್ಯ ಇಣುಕುವುದರೊಳಗೆ ಸಿಗುವುದು ಇಪ್ಪತ್ತೆರಡು ನಿಮಿಷ. ಜೂನ್ ಮೊದಲಲ್ಲಿ ಆರಕ್ಕೆ ಐದಾರು ನಿಮಿಷ ಮುಂಚೆ, ಜನವರಿಯಲ್ಲಿ ಹೆಚ್ಚುಕಡಿಮೆ ಏಳಕ್ಕೆ ಸೂರ್ಯೋದಯ. ವರ್ಷದಲ್ಲಿ ಅದು ಪೂರ್ವದಿಂದ ಅತ್ತ ಇತ್ತ ಇಪ್ಪತ್ತೈದು ಡಿಗ್ರಿಯಷ್ಟು ಸರಿದಾಡುವುದರಿಂದ, ಪೂರ್ವಾಭಿಮುಖ ಗುಡಿಯೊಳಗೆ ಬೆಳಕು ನೇರಕ್ಕೆ ಬರುವುದು ಮಾರ್ಚ್ ಮತ್ತು ಸೆಪ್ಟೆಂಬರ್‌ಗಳ ಮೂರನೇ ವಾರದ ಆಸುಪಾಸಿನಲ್ಲಿ. ಇಟಗಿಯದು ಬಳಪದ ಕಲ್ಲು, ಕಪ್ಪು ಮೈ. ಮೀಟರು ಹೇಳಿದಷ್ಟೇ ಬೆಳಕು ಕೊಟ್ಟರೆ ಕಲ್ಲು ಬೂದುಬಣ್ಣಕ್ಕೆ ತಿರುಗುತ್ತದೆ. ಒಂದು ಸ್ಟಾಪ್ ಕಡಿಮೆ ಮಾಡಿದರೆ ಕಲ್ಲಿನ ನಿಜಬಣ್ಣವೂ ಉಳಿಯುತ್ತದೆ, ಶಟರೂ ವೇಗವಾಗುತ್ತದೆ. ಒಳಗೆ ಗರ್ಭಗುಡಿಯತ್ತ ಹೋದರೆ ಟ್ರೈಪಾಡ್ ಬೇಕು. ಅಲ್ಲಿ ಫಿಲಂ ತನ್ನದೇ ಲೆಕ್ಕ ಹೇಳುತ್ತದೆ: ಟ್ರೈ-ಎಕ್ಸ್‌ಗೆ ಮೀಟರು ಹತ್ತು ಸೆಕೆಂಡು ಎಂದರೆ ಐವತ್ತು ಸೆಕೆಂಡು ಕೊಡಬೇಕು.

ಡಿಜಿಟಲ್ ಯುಗದಲ್ಲಿ ಈ ಲೆಕ್ಕವೆಲ್ಲ ಮಾಯವಾಯಿತು. 2004ರ ಎಪ್ಸನ್ ಆರ್‌ಡಿ-1 ಮೊದಲ ಡಿಜಿಟಲ್ ರೇಂಜ್‌ಫೈಂಡರ್. ಲೈಕಾ ಎಂ8 ಬಂದದ್ದು 2006ರಲ್ಲಿ, ಎಂ9 2009ರಲ್ಲಿ. 2018ರಿಂದೀಚೆಗೆ ಫೋನುಗಳೇ ಹಲವು ಚಿತ್ರಗಳನ್ನು ಪೇರಿಸಿ ಕತ್ತಲನ್ನು ಬೆಳಗಿಸುತ್ತಿವೆ. ಅಂಜನಾದ್ರಿ ಬೆಟ್ಟದ ಮೆಟ್ಟಿಲೇರಿ ನಸುಕಿನಲ್ಲಿ ನಿಲ್ಲುವ ಜನರ ಕೈಯಲ್ಲೆಲ್ಲ ಅವೇ. ಆದರೆ ಫೋನು ನೆರಳನ್ನೆಲ್ಲ ಎತ್ತಿ ಆರು ಗಂಟೆಯನ್ನು ಎಂಟು ಗಂಟೆ ಮಾಡಿಬಿಡುತ್ತದೆ. ಬೆಳಗಾಗುವ ಮುಂಚಿನ ಕಪ್ಪು ಚಿತ್ರದಲ್ಲಿ ಉಳಿಯುವುದಿಲ್ಲ.

ಆ ಕಪ್ಪನ್ನು ಉಳಿಸಿಕೊಳ್ಳಬೇಕಾದ ತಾಣಗಳು ಈ ಸೀಮೆಯಲ್ಲಿ ಹಲವು. ಹಿರೇಬೆಣಕಲ್‌ನ ಗುಡ್ಡದ ಮೇಲಿನ ಶಿಲಾಸಮಾಧಿಗಳನ್ನು ಮೆಡೋಸ್ ಟೇಲರ್ 1835ರಲ್ಲೇ ಗುರುತಿಸಿದ್ದ. ಆ ಚಪ್ಪಡಿಗಳಾಗಲಿ, ಕುಕನೂರಿನ ನವಲಿಂಗ ಗುಡಿಯ ಒಳಮಂಟಪವಾಗಲಿ, ಇಟಗಿಯ ಕಂಬಗಳಾಗಲಿ, ಫ್ಲ್ಯಾಶ್ ಇಲ್ಲದೆ ಅವುಗಳದೇ ಬೆಳಕಿನಲ್ಲಿ, ವರ್ಷದ ಬೇರೆ ಬೇರೆ ತಿಂಗಳ ಮುಂಜಾವಿನಲ್ಲಿ, ಒಂದೇ ಜಾಗದಿಂದ ಕ್ರಮವಾಗಿ ಚಿತ್ರಿತವಾಗಬೇಕು. ಇದು ಹೊರಗಿನಿಂದ ಎರಡು ದಿನಕ್ಕೆ ಬಂದು ಹೋಗುವವರಿಂದ ಆಗುವ ಕೆಲಸವಲ್ಲ. ಯಲಬುರ್ಗಾ, ಕುಕನೂರು, ಗಂಗಾವತಿಯ ಸ್ಟುಡಿಯೊಗಳಲ್ಲಿ ಮದುವೆ ಫೋಟೊ ತೆಗೆಯುತ್ತಿರುವ ಹುಡುಗರಿಗೆ ಅದು ಸಾಧ್ಯ. ಶುರು ಮಾಡಲು ಐವತ್ತರ ಎಫ್ 2 ಲೆನ್ಸಿರುವ ಒಂದು ಹಳೆಯ ಕ್ಯಾಮೆರಾ ಸಾಕು. ಮಾರ್ಚ್ ಮೂರನೇ ವಾರ ಇಟಗಿಯ ಅಂಗಳದಲ್ಲಿ ಆರು ಗಂಟೆಗೆ ನಿಂತಿರಬೇಕು.